ಕೊರೆಯುವ ಚಳಿಯಲ್ಲಿ ಕಾರಿನ ಆಯಿಲ್ ಸೀಲ್ ಸೋಲುವುದೇಕೆ?

ಡಿಸೆಂಬರ್ ತಿಂಗಳ ಬೆಳಗಿನ ಜಾವ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ. ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕುಳಿತಿರುತ್ತದೆ. ನೀರೊಲೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ಕರಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಷಿಯಸ್‌ನಲ್ಲೇ ಗಟ್ಟಿಯಾಗುವುದರಿಂದ ನಮ್ಮ ಊರಿನ ಚಳಿಯೇ ಅದಕ್ಕೆ ಸಾಕು. ಆದರೆ ಕಾರಿನ ಇಂಜಿನ್ ಆಯಿಲ್‌ಗಾಗಲಿ, ಅದನ್ನು ತಡೆದು ನಿಲ್ಲಿಸುವ ರಬ್ಬರಿಗಾಗಲಿ ನಮ್ಮ ಚಳಿ ಲೆಕ್ಕಕ್ಕೇ ಇಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ!

ಈಗ ಕೆನಡಾ ದೇಶದ ವಿನಿಪೆಗ್ ಅಥವಾ ಸಸ್ಕಟೂನ್ ನಗರಗಳನ್ನು ಕಲ್ಪಿಸಿಕೊಳ್ಳಿ. ನಿಮ್ಮ ಬಂಧುಗಳಲ್ಲಿ ಯಾರಾದರೂ ಅಲ್ಲಿ ನೆಲೆಸಿದ್ದರೆ ಕೇಳಿ ನೋಡಿ. ಜನವರಿಯ ರಾತ್ರಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಅಪರೂಪವೇನಲ್ಲ. ಅಂಥ ಒಂದು ಮುಂಜಾನೆ ಒಬ್ಬರು ಕಾರು ಹತ್ತಿ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುತ್ತಾರೆ. ಇದ್ದಕ್ಕಿದ್ದಂತೆ ಎಣ್ಣೆಯ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಇಳಿದು ನೋಡಿದರೆ ಹಿಮದ ಮೇಲೆ ಕಪ್ಪು ಎಣ್ಣೆಯ ಗೆರೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಪರೀಕ್ಷಿಸಿ “ಹಿಂದಿನ ಆಯಿಲ್ ಸೀಲ್ ಹೋಗಿದೆ” ಎನ್ನುತ್ತಾನೆ. ಸೀಲಿನ ಬೆಲೆ ಅಲ್ಪ. ಆದರೆ ಅದನ್ನು ಬದಲಿಸಬೇಕಾದರೆ ಇಡೀ ಗೇರ್‌ಬಾಕ್ಸನ್ನು ಇಳಿಸಬೇಕು. ಖರ್ಚೆಲ್ಲ ಆ ಕೂಲಿಗೇ. ಸರಿ, ಹೊಸ ಸೀಲ್ ಬರುತ್ತದೆ. ಮುಂದಿನ ಕಡುಚಳಿಯಲ್ಲಿ ಅದೂ ಹೋಗುತ್ತದೆ.

ಏಕೆ ಹೀಗೆ? ಇದನ್ನು ತಿಳಿಯಲು ಮೊದಲು ಸೀಲ್ ಎಂದರೇನು ಎಂಬುದನ್ನು ನೋಡೋಣ.

ಇಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್ ಶಾಫ್ಟ್ ಎಂಬ ಉಕ್ಕಿನ ದಂಡವಿದೆ. ಪಿಸ್ಟನ್‌ಗಳು ಮೇಲಕ್ಕೂ ಕೆಳಕ್ಕೂ ಆಡುವ ಆಟವನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವುದು ಇದರ ಕೆಲಸ. ಈ ದಂಡ ಇರುವ ಕೋಣೆಯೇ ಕ್ರ್ಯಾಂಕ್ ಕೇಸ್. ಅದರ ತಳದಲ್ಲಿ ಕೆಲವು ಲೀಟರ್ ಎಣ್ಣೆ ಇರುತ್ತದೆ. ದಂಡದ ಎರಡು ತುದಿಗಳೂ ಕೋಣೆಯಿಂದ ಹೊರಗೆ ಚಾಚಿಕೊಂಡಿರಬೇಕು: ಮುಂದಿನ ತುದಿ ಬೆಲ್ಟುಗಳನ್ನು ತಿರುಗಿಸಲು, ಹಿಂದಿನದು ಗೇರ್‌ಬಾಕ್ಸಿಗೆ ಶಕ್ತಿ ಒದಗಿಸಲು. ದಂಡ ಹೊರಬರಲು ರಂಧ್ರ ಬೇಕು. ರಂಧ್ರವಿದ್ದರೆ ಎಣ್ಣೆ ಸೋರುತ್ತದೆ. ಬಿರಡೆ ಹಾಕಿ ಮುಚ್ಚೋಣವೆಂದರೆ ದಂಡ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಅಲ್ಲಿ ತೆಳುವಾದ ರಬ್ಬರ್ ತುಟಿಯುಳ್ಳ ಒಂದು ಉಂಗುರವನ್ನು ಕೂರಿಸುತ್ತಾರೆ. ತುಟಿಯ ಬೆನ್ನಿಗೆ ಸುರುಳಿಯಾದ ಒಂದು ಸಣ್ಣ ಸ್ಪ್ರಿಂಗ್ ಇದ್ದು, ಅದನ್ನು ದಂಡಕ್ಕೆ ಒತ್ತಿ ಹಿಡಿಯುತ್ತದೆ. ಇದೇ ಆಯಿಲ್ ಸೀಲ್. ತುಟಿಗೂ ದಂಡಕ್ಕೂ ನಡುವೆ ಸುಮಾರು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ತೆಳ್ಳನೆಯ ಎಣ್ಣೆಯ ಪೊರೆ ಇರುತ್ತದೆ. ಪೊರೆ ಇಲ್ಲದಿದ್ದರೆ ರಬ್ಬರು ಉಜ್ಜಿ ಸುಟ್ಟುಹೋಗುತ್ತದೆ. ಪೊರೆ ದಪ್ಪವಾದರೆ ಎಣ್ಣೆ ಹೊರಗೆ ಹರಿಯುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು ಅಷ್ಟು ಅಗ್ಗದ ವಸ್ತುವೊಂದು ವರ್ಷಗಟ್ಟಲೆ ಮಾಡುತ್ತದೆಂಬುದೇ ಆಶ್ಚರ್ಯ.

ಚಳಿ ಬಿದ್ದಾಗ ರಬ್ಬರಿಗೆ ಏನಾಗುತ್ತದೆ? ರಬ್ಬರಿನ ಅಣುಗಳು ಉದ್ದುದ್ದ ಸರಪಣಿಗಳು. ಶಾಖವಿರುವಾಗ ಅವು ಸದಾ ಮಿಸುಕಾಡುತ್ತಿರುತ್ತವೆ. ಎಳೆದರೆ ನೀಳವಾಗಿ, ಬಿಟ್ಟರೆ ಮತ್ತೆ ಮುದುರಿಕೊಳ್ಳುತ್ತವೆ. ಉಷ್ಣಾಂಶ ಇಳಿದಂತೆ ಈ ಮಿಸುಕಾಟ ನಿಧಾನವಾಗುತ್ತದೆ. ಒಂದು ಹಂತದ ಕೆಳಗೆ ಅದು ನಿಂತೇ ಹೋಗಿ ರಬ್ಬರು ಗಾಜಿನಂತೆ ಬಿರುಸಾಗುತ್ತದೆ. ಈ ಹಂತ ಎಲ್ಲ ರಬ್ಬರುಗಳಿಗೂ ಒಂದೇ ಅಲ್ಲ. ಇಂಜಿನ್ನಿನ ಬಿಸಿಯನ್ನು ಚೆನ್ನಾಗಿ ತಾಳುವ ಫ್ಲೋರೋಕಾರ್ಬನ್ ರಬ್ಬರು ಸಾಮಾನ್ಯವಾಗಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಆಸುಪಾಸಿನಲ್ಲೇ ತನ್ನ ಮೃದುತ್ವ ಕಳೆದುಕೊಳ್ಳುತ್ತದೆ. ಸಿಲಿಕೋನ್ ರಬ್ಬರು 50 ಡಿಗ್ರಿ ಕೆಳಗೂ ಮೆತ್ತಗಿರುತ್ತದೆ, ಆದರೆ ಸುಲಭವಾಗಿ ಹರಿಯುತ್ತದೆ. ಬಿಸಿ, ಚಳಿ, ಉಜ್ಜಾಟ ಎಲ್ಲವನ್ನೂ ಒಟ್ಟಿಗೆ ತಾಳುವ ರಬ್ಬರನ್ನು ಹುಡುಕುವುದು ಇಂಜಿನಿಯರುಗಳ ತಲೆನೋವು.

ನಿಮ್ಮಲ್ಲಿ ಚುರುಕಾದವರು ಇಲ್ಲಿ ಕೇಳಬಹುದು: “ಚಳಿಗೆ ಉಂಗುರ ಕುಗ್ಗಿದರೆ ದಂಡವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕಲ್ಲವೇ?” ಪ್ರಶ್ನೆ ಸರಿಯಾಗಿಯೇ ಇದೆ. ತೊಂದರೆ ಕುಗ್ಗುವುದರಲ್ಲಿಲ್ಲ, ಬಿರುಸಾಗುವುದರಲ್ಲಿದೆ. ಯಾವ ದಂಡವೂ ಕೂದಲೆಳೆಯಷ್ಟೂ ಓಲಾಡದೆ ತಿರುಗುವುದಿಲ್ಲ. ಇಂಜಿನ್ ಸುಮ್ಮನೆ ಓಡುತ್ತಿರುವಾಗ ನಿಮಿಷಕ್ಕೆ 800 ಸುತ್ತು ಎಂದಿಟ್ಟುಕೊಂಡರೂ ತುಟಿ ಸೆಕೆಂಡಿಗೆ ಸುಮಾರು 13 ಬಾರಿ ದಂಡದ ಓಲಾಟವನ್ನು ಹಿಂಬಾಲಿಸಬೇಕು. ಬಿರುಸಾದ ತುಟಿಗೆ ಅದು ಸಾಧ್ಯವಿಲ್ಲ. ದಂಡ ಸರಿದ ಕಡೆ ಅದು ಹಿಂದೆ ಬೀಳುತ್ತದೆ, ಸಂದಿ ಬಿಡುತ್ತದೆ.

ರಬ್ಬರಿನ ಈ ಗುಣ ಏಳು ಜೀವಗಳನ್ನು ಬಲಿ ತೆಗೆದುಕೊಂಡ ಘಟನೆ ನಿಮಗೆ ಗೊತ್ತಿರಬಹುದು. 1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ಗಗನನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅಂದು ಫ್ಲಾರಿಡದಲ್ಲಿ ಅಪರೂಪದ ಚಳಿ. ಉಡಾವಣೆಯ ಹೊತ್ತಿಗೆ ಗಾಳಿಯ ಉಷ್ಣಾಂಶ ಸುಮಾರು 2 ಡಿಗ್ರಿ. 12 ಡಿಗ್ರಿಗಿಂತ ಕೆಳಗೆ ಹಾರಿಸಬೇಡಿ ಎಂದು ರಾಕೆಟ್ ತಯಾರಿಸಿದ ಸಂಸ್ಥೆಯ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಹೇಳಿದ್ದರು. ಅವರ ಮಾತು ನಡೆಯಲಿಲ್ಲ. ತನಿಖಾ ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಫೆಬ್ರವರಿ 11ರಂದು ಎಲ್ಲರೆದುರು ಆ ಸೀಲಿನ ರಬ್ಬರಿನ ಒಂದು ತುಂಡನ್ನು ಹಿಡಿಕೆಯಲ್ಲಿ ಅದುಮಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಮುಳುಗಿಸಿ ತೆಗೆದರು. ಹಿಡಿಕೆ ಸಡಿಲಿಸಿದರೂ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಆ ರಬ್ಬರು ಫ್ಲೋರೋಕಾರ್ಬನ್ ಕುಟುಂಬದ್ದು. ಕಾರುಗಳ ಅನೇಕ ಆಯಿಲ್ ಸೀಲ್‌ಗಳೂ ಅದೇ ಕುಟುಂಬದವು.

ಚಳಿಗೆ ಎಣ್ಣೆಯೂ ಮಂದವಾಗುತ್ತದೆ. ಆಯಿಲ್ ಡಬ್ಬದ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-40 ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. ಇಲ್ಲಿ ‘ಡಬ್ಲ್ಯೂ’ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಹೆಚ್ಚಿನ ಚಳಿಯಲ್ಲಿ ಹರಿಯುತ್ತದೆ. 20ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸಿದರೆ, 5ಡಬ್ಲ್ಯೂ ಎಣ್ಣೆಯನ್ನು 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಊರಿಗೆ ತಕ್ಕ ಎಣ್ಣೆ ಹಾಕದಿದ್ದರೆ ಪಂಪು ಅದನ್ನು ಮೇಲೆತ್ತಲು ಒದ್ದಾಡುತ್ತದೆ; ಕೆಲವೊಮ್ಮೆ ಒತ್ತಡ ಮಿತಿಮೀರಿ ಆಯಿಲ್ ಫಿಲ್ಟರಿನ ರಬ್ಬರ್ ವಾಷರೇ ಹೊರಗೆ ತಳ್ಳಲ್ಪಡುತ್ತದೆ. ನಮ್ಮ ಲಡಾಖಿನಲ್ಲಿ ಡೀಸೆಲ್ ಕೂಡ ಹೆಪ್ಪುಗಟ್ಟುವ ತೊಂದರೆ ಇತ್ತು. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಅಲ್ಲಿಗೆ ಒದಗಿಸಿತು.

ಆದರೆ ನಮ್ಮ ಕಾರಿನ ಕಥೆ ಇನ್ನೂ ಬಗೆಹರಿಯಲಿಲ್ಲ. ಎಣ್ಣೆ ಸರಿಯಾದುದು, ಸೀಲ್ ಹೊಚ್ಚಹೊಸದು. ಅರ್ಧ ಗಂಟೆ ಓಡಿದ ಮೇಲೆ ಇಂಜಿನ್ ಬಿಸಿಯಾಗಿ ರಬ್ಬರೂ ಮೆತ್ತಗಾಗಿರಬೇಕು. ಹಾಗಿದ್ದೂ ಸೀಲ್ ಹೋಯಿತೇಕೆ?

ಇಲ್ಲಿ ನಿಮ್ಮ ಮನೆಯ ಪ್ರೆಷರ್ ಕುಕ್ಕರನ್ನು ನೆನೆಯಿರಿ. ವಿಷಲ್ ಕೂರುವ ಕೊಳವೆಯಲ್ಲಿ ಬೇಳೆ ಸಿಕ್ಕಿಕೊಂಡರೆ ಆವಿಗೆ ದಾರಿಯಿಲ್ಲ. ಒತ್ತಡ ಏರಿ ಗ್ಯಾಸ್ಕೆಟ್ಟಿನ ಪಕ್ಕದಿಂದ ಬುಸ್ಸೆಂದು ನುಗ್ಗಬಹುದು. ಆಗ ಗ್ಯಾಸ್ಕೆಟ್ ಕೆಟ್ಟಿದೆ ಎಂದು ಹೊಸದನ್ನು ತಂದು ಹಾಕಿದರೆ ಪ್ರಯೋಜನವುಂಟೇ? ಸೋರಿದ್ದು ಗ್ಯಾಸ್ಕೆಟ್, ತಪ್ಪು ಕೊಳವೆಯದು.

ಇಂಜಿನ್ನಿಗೂ ಇಂಥದೊಂದು ಕೊಳವೆ ಇದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬರುತ್ತದೆ. ಎಷ್ಟು ಹೊಸ ಇಂಜಿನ್ನಾದರೂ ಇದು ತಪ್ಪಿದ್ದಲ್ಲ. ಹಿಂದೆ ಈ ಅನಿಲವನ್ನು ಒಂದು ಪೈಪಿನ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1961ರ ಮಾದರಿಯ ಕಾರುಗಳಿಂದ ಈ ಪದ್ಧತಿ ಬದಲಾಯಿತು. ಅನಿಲವನ್ನು ಹೊರಗೆ ಬಿಡದೆ, ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೇ ಸೇರಿಸಿ ಮತ್ತೆ ಉರಿಸುವ ವ್ಯವಸ್ಥೆ ಬಂತು. ಗ್ಯಾರೇಜುಗಳಲ್ಲಿ ಇದಕ್ಕೆ ಬ್ರೀದರ್ ಪೈಪ್ ಎನ್ನುತ್ತಾರೆ. ಇಂಜಿನ್ ಉಸಿರಾಡುವ ಕೊಳವೆ.

ಆ ಉಸಿರಿನಲ್ಲಿ ನೀರಿನ ಆವಿ ಇದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿದರೆ ನೀರು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಲೆಕ್ಕ ಹಾಕಿ ನೋಡಿ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ! ಬಹುಪಾಲು ಹಿಂದಿನ ಹೊಗೆಕೊಳವೆಯಿಂದ ಹೋಗುತ್ತದೆ. ಸ್ವಲ್ಪ ಪಾಲು ರಿಂಗು ದಾಟಿ ಒಳಗೆ ಬರುತ್ತದೆ. ಇಂಜಿನ್ ಚೆನ್ನಾಗಿ ಕಾಯುವ ಮುನ್ನವೇ ನಿಲ್ಲಿಸುವ ಸಣ್ಣ ಸಣ್ಣ ಓಡಾಟಗಳಲ್ಲಿ ಈ ನೀರು ಎಣ್ಣೆಯಲ್ಲಿ ಬೆರೆತು, ಆಯಿಲ್ ಕ್ಯಾಪಿನ ಒಳಗೆ ಬೆಣ್ಣೆಯಂಥ ಬಿಳಿ ನೊರೆಯಾಗಿ ಅಂಟಿಕೊಳ್ಳುತ್ತದೆ. ಮುಂದೆ ಹೆದ್ದಾರಿಯಲ್ಲಿ ಓಡುವಾಗ ಕಾದ ಎಣ್ಣೆಯಿಂದ ನೀರು ಆವಿಯಾಗಿ ಏಳುತ್ತದೆ. ಅದು ಬ್ರೀದರ್ ಪೈಪಿನ ತುದಿಗೆ, ಅಂದರೆ 30 ಡಿಗ್ರಿ ಕೆಳಗಿನ ಹೊರಗಾಳಿ ರಭಸದಿಂದ ಒಳನುಗ್ಗುವ ಜಾಗಕ್ಕೆ ಬಂದೊಡನೆ ಮಂಜುಗಡ್ಡೆಯಾಗುತ್ತದೆ. ಪದರದ ಮೇಲೆ ಪದರ ಕೂಡಿ ಪೈಪು ಮುಚ್ಚಿಹೋಗುತ್ತದೆ. ಕಾರಿನ ವೇಗ ಹೆಚ್ಚಿದಷ್ಟೂ ಒಂದು ಕಡೆ ನುಸುಳುವ ಅನಿಲ ಹೆಚ್ಚು, ಇನ್ನೊಂದು ಕಡೆ ಪೈಪಿಗೆ ಬಡಿಯುವ ಗಾಳಿ ಹೆಚ್ಚು.

ಉಸಿರು ಕಟ್ಟಿದ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಏರುತ್ತದೆ. ಎಷ್ಟು ಏರಿದರೆ ಸೀಲ್ ಕಿತ್ತು ಬರುತ್ತದೆ? ಒಂದು ಸುಲಭದ ಲೆಕ್ಕ ಮಾಡೋಣ. ಸೀಲಿನ ಒಳವ್ಯಾಸ 90 ಮಿಲಿಮೀಟರ್, ಹೊರವ್ಯಾಸ 110 ಮಿಲಿಮೀಟರ್ ಎಂದುಕೊಂಡರೆ ಉಂಗುರದ ವಿಸ್ತೀರ್ಣ ಸುಮಾರು 31 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹೊರಗಿಗಿಂತ ಕೇವಲ 0.3 ವಾಯುಭಾರದಷ್ಟು ಹೆಚ್ಚಿದರೂ ಉಂಗುರದ ಮೇಲೆ 9 ಕಿಲೋಗ್ರಾಮಿಗೂ ಹೆಚ್ಚಿನ ತೂಕದಷ್ಟು ಬಲ ಬೀಳುತ್ತದೆ. ಸೈಕಲ್ ಟೈರಿನ ಗಾಳಿಯ ಮುಂದೆ ಇದು ಏನೂ ಅಲ್ಲ. ಆದರೆ ಹಗುರವಾದ ಸ್ಪ್ರಿಂಗ್ ಹಿಡಿದಿರುವ ತುಟಿಗೆ ಇದೇ ಬಹಳವಾಯಿತು. ತುಟಿ ಹೊರಕ್ಕೆ ಮಗುಚಿಕೊಳ್ಳುತ್ತದೆ, ಇಲ್ಲವೇ ಸೀಲೇ ತನ್ನ ಜಾಗದಿಂದ ಜಾರುತ್ತದೆ. ಇರುವ ಎಣ್ಣೆಯೆಲ್ಲ ಕೆಲವೇ ನಿಮಿಷಗಳಲ್ಲಿ ರಸ್ತೆಯ ಪಾಲು. ಚಾಲಕ ದೀಪವನ್ನು ಗಮನಿಸದೆ ಮುಂದುವರಿದರೆ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಇಂಜಿನ್ ನಿಂತರೆ ಕಾರಿನ ಹೀಟರೂ ನಿಂತಂತೆ. ಊರಿಂದ ಊರಿಗೆ ಹತ್ತಾರು ಮೈಲಿ ಇರುವ ಆ ಬಯಲಿನಲ್ಲಿ ಇದು ಹಣದ ನಷ್ಟದ ಮಾತು ಮಾತ್ರವಲ್ಲ, ಪ್ರಾಣದ ಪ್ರಶ್ನೆ.

ಇನ್ನು ಸ್ವಾರಸ್ಯದ ಸಂಗತಿ ಕೇಳಿ. ಕಾರು ನಿಂತ ಮೇಲೆ ಬಾನೆಟ್ಟಿನ ಕೆಳಗಿನ ಶಾಖಕ್ಕೆ ಪೈಪಿನ ಮಂಜುಗಡ್ಡೆ ಕರಗುತ್ತದೆ. ಬೆಚ್ಚಗಿನ ಗ್ಯಾರೇಜಿಗೆ ಎಳೆದು ತರುವಷ್ಟರಲ್ಲಿ ಪೈಪು ಖಾಲಿ, ಸೀಲ್ ಮಾತ್ರ ಹರಿದಿದೆ. ಅಪರಾಧಿ ಕರಗಿ ಹೋಗಿದ್ದಾನೆ. ಏಟು ತಿಂದವನೇ ಸಿಕ್ಕಿಬೀಳುತ್ತಾನೆ. ಮೆಕ್ಯಾನಿಕ್ ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದ.

ದೊಡ್ಡ ಕಂಪನಿಗಳಿಗೂ ಈ ಪಾಠ ಸುಲಭವಾಗಿ ದಕ್ಕಲಿಲ್ಲ. 2000ನೇ ಇಸವಿಯ ಆಸುಪಾಸಿನ ಚಳಿಗಾಲಗಳಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಕೆಲವು ಸಣ್ಣ ಪೆಟ್ರೋಲ್ ಇಂಜಿನ್ನುಗಳಲ್ಲಿ ಹೀಗೆ ನೀರು ಹೆಪ್ಪುಗಟ್ಟಿ ಎಷ್ಟೋ ಇಂಜಿನ್ನುಗಳು ಹಾಳಾದವು. ಪೈಪಿಗೆ ವಿದ್ಯುತ್ತಿನಿಂದ ಕಾಯಿಸುವ ಏರ್ಪಾಟನ್ನು ಆಮೇಲೆ ಜೋಡಿಸಬೇಕಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2010ರ ದಶಕದಲ್ಲಿ ಮಾರಿದ ಕೆಲವು 2.4 ಲೀಟರ್ ಇಂಜಿನ್ನುಗಳಲ್ಲಿ ಉಸಿರಾಟದ ಸಣ್ಣ ರಂಧ್ರ ಮುಚ್ಚಿಕೊಂಡು ಹಿಂದಿನ ಸೀಲ್ ಸೋರುತ್ತಿತ್ತು. ಈಗಿನ ಅನೇಕ ಇಂಜಿನ್ನುಗಳಲ್ಲಿ ಈ ದಾರಿಯನ್ನು ಇಂಜಿನ್ನಿನ ಬಿಸಿ ಮೈಯ ಒಳಗಿಂದಲೇ ಹಾಯಿಸುತ್ತಾರೆ.

ಆ ಊರುಗಳ ಜನ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ನಾರ್ತ್ ಡಕೋಟ ರಾಜ್ಯದ ಆಂಡ್ರೂ ಫ್ರೀಮನ್ ಎಂಬವರು ಇಂಜಿನ್ನನ್ನು ರಾತ್ರಿಯಿಡೀ ಬೆಚ್ಚಗಿಡುವ ವಿದ್ಯುತ್ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಇಂದು ವಿನಿಪೆಗ್‌ನ ವಾಹನ ನಿಲ್ದಾಣಗಳಲ್ಲಿ ಕಂಬ ಕಂಬಕ್ಕೂ ಪ್ಲಗ್ ಪಾಯಿಂಟು ಇರುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಆದರೆ ಬ್ರೀದರ್ ಪೈಪಿನ ತುದಿಯವರೆಗೆ ಈ ಬಿಸಿ ಮುಟ್ಟುವುದಿಲ್ಲ. ಓಡುವಾಗ ಬಡಿಯುವ ಗಾಳಿಯನ್ನೂ ಅದು ತಡೆಯದು. ಅದಕ್ಕೆ ಪೈಪಿಗೆ ಬಟ್ಟೆಯಂತೆ ಉಷ್ಣನಿರೋಧಕ ಹೊದಿಕೆ ಸುತ್ತುವುದು, ವಾರಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಕಾಯುವಷ್ಟು ದೂರ ಓಡಿಸಿ ಎಣ್ಣೆಯಲ್ಲಿನ ನೀರನ್ನು ಕಳೆಯುವುದು ಒಳ್ಳೆಯದು.

ಅನುಭವಿ ಮೆಕ್ಯಾನಿಕ್ ಇಂಥ ಕಾರು ಬಂದಾಗ ಸೀಲಿಗೆ ಕೈ ಹಾಕುವ ಮೊದಲು ಡಿಪ್‌ಸ್ಟಿಕ್ಕನ್ನು ನೋಡುತ್ತಾನೆ. ಒಳಗಿನ ಒತ್ತಡ ಅದನ್ನು ಮೇಲೆ ಎತ್ತಿರುತ್ತದೆ. ಸುತ್ತ ಎಣ್ಣೆ ಸಿಡಿದಿರುತ್ತದೆ. ಆಯಿಲ್ ಕ್ಯಾಪಿನಲ್ಲಿ ಬಿಳಿ ನೊರೆ ಇದೆಯೇ ಎಂದು ನೋಡುತ್ತಾನೆ. ಹೊಸ ಸೀಲ್ ಹಾಕಿದ ಮೇಲೆ ಡಿಪ್‌ಸ್ಟಿಕ್ ತೂರುವ ಕೊಳವೆಗೆ ನಿಮ್ಮ ಪ್ರಯೋಗಾಲಯದಲ್ಲಿರುವಂಥ ನೀರು ತುಂಬಿದ ಯು ಆಕಾರದ ನಳಿಕೆಯನ್ನು ಜೋಡಿಸಿ ಇಂಜಿನ್ ಓಡಿಸಬಹುದು. ಆರೋಗ್ಯವಂತ ಇಂಜಿನ್ ನೀರನ್ನು ಕೆಲವು ಸೆಂಟಿಮೀಟರ್ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನೀರು ಹೊರಗಿನ ಕಡೆ ಏರತೊಡಗಿದರೆ ಎಲ್ಲೋ ಉಸಿರು ಕಟ್ಟುತ್ತಿದೆ ಎಂದು ತಿಳಿಯಬೇಕು. ನಾವು ಲೆಕ್ಕ ಹಾಕಿದ 0.3 ವಾಯುಭಾರ ಸುಮಾರು 3 ಮೀಟರ್ ನೀರಿನ ಕಂಬಕ್ಕೆ ಸಮ. ಅಷ್ಟಾಗುವ ಬಹಳ ಮೊದಲೇ ನಳಿಕೆಯ ನೀರೆಲ್ಲ ಚೆಲ್ಲಿಹೋಗಿರುತ್ತದೆ.