ಆ ರೀಲ್ಸ್ ಡಿಲೀಟ್ ಮಾಡಿದ್ದು ಯಾಕೆ? ಧುಪದಾಳದ ಚಳಿಗಾಲದ ಅತಿಥಿಗಳ ಕಥೆ

(ಆಡಿಯೊ: ನೀರಿನ ಸದ್ದು, ದೂರದಲ್ಲಿ ಹಕ್ಕಿಗಳ ಕೂಗು)

ಈಗ ಕೇಳಿದ್ರಲ್ಲ, 'ಆಂಗ್... ಆಂಗ್' ಅನ್ನೋ ದನಿ, ಅದು ಚಕ್ರವಾಕದ್ದು. ಜನವರಿಯ ಒಂದು ಬೆಳಗ್ಗೆ ಧುಪದಾಳದಲ್ಲಿ ನನ್ನ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದ್ದು. ಅದರ ಹಿಂದಿನ ಚಳಿಗಾಲದಲ್ಲೂ ಅಲ್ಲಿಗೆ ಹೋಗಿದ್ದೆವು. ಆಗ ಮಾಡಿದ ತಪ್ಪಿನಿಂದಲೇ ಇವತ್ತಿನ ಸಂಚಿಕೆ ಶುರು ಮಾಡ್ತೀನಿ.

ನಮ್ಮೂರು ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ. ಚಳಿಗಾಲ ಅಂದ್ರೆ ನಮ್ಮ ಕಡೆ ಕಬ್ಬು ಕಡಿಯೋ ಹಂಗಾಮು, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಅವುಗಳ ನಡುವೆ ದಾರಿ ಮಾಡ್ಕೊಂಡು ನಾವು ನಾಲ್ವರು ದೋಸ್ತರು ಎರಡು ಬೈಕ್‌ನಲ್ಲಿ ಘಟಪ್ರಭಾ ಪಕ್ಷಿಧಾಮಕ್ಕೆ ಹೋಗಿದ್ದೆವು. ನೀರಂಚಿನಲ್ಲಿ ಹಕ್ಕಿಗಳು ಸುಮ್ಮನೆ ಕೂತಿದ್ದವು. ಒಬ್ಬ ಅಂದ: "ಲೇ, ಒಂದ್ ಕಲ್ಲ ಒಗಿ. ಎಲ್ಲಾ ಒಮ್ಮೆಲೇ ಹಾರತಾವ, ರೀಲ್ಸ್ ಭಾರಿ ಬರತೈತಿ." ಒಗೆದವನು ನಾನೇ. ಹಿಂಡು ಎದ್ದಿತು. ವಿಡಿಯೊ ಚೆನ್ನಾಗಿಯೇ ಬಂತು, ಲೈಕ್ಸೂ ಬಂದವು.

ದಂಡೆಯಲ್ಲಿ ದನ ಮೇಯಿಸುತ್ತಿದ್ದ ಕಾಕಾ ಒಬ್ಬರು ಮಾತ್ರ ಕೇಳಿದರು: "ಯಾಕೋ ತಮ್ಮಾ, ದಣದ ಬಂದು ಕುಂತ ಬೀಗರನ್ನ ಹಿಂಗ ಎಬ್ಬಸ್ತಾರೇನು?"

ಎಲ್ಲಿಂದ ದಣಿದು ಬಂದವು? ಮನೆಗೆ ಬಂದ ಮೇಲೆ ಓದಲು ಶುರು ಮಾಡಿದೆ.

ಚಕ್ರವಾಕ ಅಂದ್ರೆ ಕೇಸರಿ ಮೈಯ, ಮಾಸಲು ತಲೆಯ ಬಾತು. ಬ್ರಾಹ್ಮಿಣಿ ಬಾತು ಅಂತಲೂ ಕರೀತಾರೆ. ರಾತ್ರಿ ಅಗಲಿ ಕೂಗಾಡುವ ಜೋಡಿ ಅಂತ ಹಳೆಯ ಕಾವ್ಯಗಳಲ್ಲಿ ಬರುವ ಹಕ್ಕಿ ಇದೇ. ಅದು ಮರಿ ಮಾಡೋದು ಲಡಾಖ್, ಟಿಬೆಟ್, ಮಂಗೋಲಿಯಾದಂಥ ಕಡೆ. ಚಳಿಗಾಲದಲ್ಲಿ ಅಲ್ಲಿನ ಕೆರೆಗಳು ಹೆಪ್ಪುಗಟ್ಟುತ್ತವೆ. ಚಳಿ ತಡೆಯಲು ಗರಿ ಇದೆ, ಆದರೆ ಮಂಜುಗಡ್ಡೆಯ ಕೆಳಗಿನ ಮೇವು ಸಿಗೋದಿಲ್ಲ. ಅದಕ್ಕೇ ದಕ್ಷಿಣಕ್ಕೆ ಹೊರಡುತ್ತವೆ. ಹಿಮಾಲಯ ದಾಟುವ ಚಕ್ರವಾಕಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ, ಸುಮಾರು 6,800 ಮೀಟರ್ ಎತ್ತರದವರೆಗೂ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಆಮ್ಲಜನಕ ಅರ್ಧಕ್ಕಿಂತ ಕಡಿಮೆ!

ಈ ಹಾರಾಟದ ಪೆಟ್ರೋಲ್ ಅಂದ್ರೆ ಮೈಯಲ್ಲಿ ಕೂಡಿಟ್ಟ ಕೊಬ್ಬು. ಬರುವಾಗ ಖರ್ಚಾದದ್ದನ್ನು ಇಲ್ಲಿ ಮತ್ತೆ ತುಂಬಿಕೊಂಡೇ ವಾಪಸ್ ಹೊರಡಬೇಕು. ಚಕ್ರವಾಕ ಹೆಚ್ಚಾಗಿ ಸಂಜೆ, ರಾತ್ರಿ ಮೇಯುತ್ತೆ, ಹಗಲು ವಿಶ್ರಾಂತಿ. ಹಾರಲು ಬೇಕಾದ ಶಕ್ತಿ ಕೂತಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನನ್ನ ಒಂದು ಕಲ್ಲು ಇಡೀ ಹಿಂಡಿನ ಟ್ಯಾಂಕ್ ಸ್ವಲ್ಪ ಖಾಲಿ ಮಾಡಿತ್ತು. ಒಂದು ಸಲಕ್ಕೆ ಹಕ್ಕಿ ಸಾಯೋದಿಲ್ಲ. ಆದರೆ ದಿನಾ ನಮ್ಮಂಥ ನಾಲ್ಕು ಗುಂಪು ಬಂದ್ರೆ? ಅವು ಆ ಜಾಗವನ್ನೇ ಬಿಡಬಹುದು. ಆ ದಿನವೇ ರೀಲ್ಸ್ ಡಿಲೀಟ್ ಮಾಡಿದೆ.

ಅಂದಹಾಗೆ, ಈ ಜಾಗ ಹಕ್ಕಿಗಳಿಗಾಗಿ ಕಟ್ಟಿದ್ದಲ್ಲ. ಕಾಲುವೆಗೆ ನೀರು ತಿರುಗಿಸಲು 1897ರಲ್ಲಿ ಧುಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಗಟ್ಟೆ ಹಾಕಿದರು. ಹಿಂದೆ ನಿಂತ ನೀರಿನ ಆಳವಿಲ್ಲದ ಅಂಚು, ಕೆಸರು, ನಡುಗಡ್ಡೆಗಳು ಹಕ್ಕಿಗಳಿಗೆ ಹಿಡಿಸಿದವು. 1974ರಲ್ಲಿ ಸುಮಾರು 30 ಚದರ ಕಿ.ಮೀ. ಪ್ರದೇಶ ಪಕ್ಷಿಧಾಮವಾಯಿತು. ಹೊಲಕ್ಕೆ ಅಂತ ನಿಲ್ಲಿಸಿದ ನೀರು ಹಕ್ಕಿಗೂ ಆಸರೆ ಆಯ್ತು. ಡೆಮೊಸೆಲ್ ಕ್ರೇನ್, ಯುರೋಪಿನ ಬಿಳಿ ಕೊಕ್ಕರೆಗಳಿಗೆ ಇದು ಹೆಸರುವಾಸಿ.

ಈ ವರ್ಷ ಅದೇ ನಾಲ್ವರು ಹೋದೆವು, ಒಂದೇ ಬೈನಾಕ್ಯುಲರ್. ಸೂರ್ಯ ಹುಟ್ಟೋ ಮೊದಲೇ ಮುಟ್ಟಿ, ಗಿಡದ ಮರೆಯಲ್ಲಿ ಒಂದು ತಾಸು ಸುಮ್ಮನೆ ಕೂತೆವು. ಕ್ರೇನ್ ಕಾಣಲಿಲ್ಲ. ಆದರೆ ನಾಮಕೋಳಿ, ವರಟೆ ಬಾತು, ಮಿಂಚುಳ್ಳಿ, ಮತ್ತೆ ಹನ್ನೊಂದು ಚಕ್ರವಾಕ! ಒಂದು ಜೋಡಿ ತಾವಾಗೇ ನಮ್ಮ ಕಡೆ ತೇಲಿ ಬಂತು. ಕಲ್ಲು ಒಗಿ ಅಂದಿದ್ದವನೇ ಪಿಸುಗುಟ್ಟಿದ: "ಅಲ್ಲಾಡಬ್ಯಾಡ್ರೋ!"

ನೀವೂ ಹೋಗೋದಾದ್ರೆ: ಮೆರ್ಲಿನ್ ಆ್ಯಪ್ ಉಚಿತ, ಹಕ್ಕಿ ಗುರುತಿಸೋಕೆ ಸಹಾಯ ಮಾಡುತ್ತೆ. ಕಂಡದ್ದನ್ನು ಎಣಿಸಿ ಇ-ಬರ್ಡ್‌ಗೆ ಹಾಕಿ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೀತಿದೆ, ಹವ್ಯಾಸಿಗಳೂ ಸೇರಬಹುದು. ಸ್ಪೀಕರ್, ಡ್ರೋನ್ ಬೇಡ. ಅಭಯಾರಣ್ಯದೊಳಗೆ ವನ್ಯಜೀವಿಗಳನ್ನು ಕೆಣಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ನಿಷೇಧ ಇದೆ. ಒಂದು ಸುಲಭದ ಲೆಕ್ಕ ನೆನಪಿಡಿ: ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡ್ತಿದ್ರೆ, ನೀವು ಆಗಲೇ ಹತ್ತಿರ ಹೋಗಿದ್ದೀರಿ. ಎರಡು ಹೆಜ್ಜೆ ಹಿಂದೆ ಬನ್ನಿ.

ಬೀಗರು ಬೇಸಿಗೆ ಶುರುವಾಗೋ ಹೊತ್ತಿಗೆ ಹೊರಡ್ತಾರೆ. ಅಲ್ಲಿವರೆಗೆ ಅವರು ನೆಮ್ಮದಿಯಿಂದ ಕೂತಿರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.