ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮಾಗಿಯ ಚಳಿಗೆ ಮನೆಯನ್ನೇ ಕಾಯಿಸುವ ಪದ್ಧತಿಯಿಲ್ಲ. ಬಿಸಿ ಬೇಕಾದದ್ದು ಬೆಳಗಿನ ಸ್ನಾನಕ್ಕೆ. ಅಡುಗೆಮನೆಗೆ ಗ್ಯಾಸ್ ಬಂದರೂ ಎಷ್ಟೋ ಹಳ್ಳಿಮನೆಗಳ ಬಚ್ಚಲಲ್ಲಿ ಹಂಡೆಯ ಒಲೆ ಇನ್ನೂ ಆರಿಲ್ಲ. ಸ್ನಾನದ ನೀರಿಗೆಂದು ಸಿಲಿಂಡರ್ ಖಾಲಿ ಮಾಡಲು ಯಾರಿಗೆ ತಾನೇ ಮನಸ್ಸು ಬಂದೀತು?

ಈ ಹಂಡೆ ಎಷ್ಟು ಸೌದೆ ತಿನ್ನುತ್ತದೆ? ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 45ಕ್ಕೆ ಏರಿಸಲು 500 ಕಿಲೋ ಕ್ಯಾಲರಿ ಶಾಖ ಸಾಕು. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 4000 ಕಿಲೋ ಕ್ಯಾಲರಿ ಅಡಗಿದೆ. ಅಂದರೆ 125 ಗ್ರಾಂ ಚಕ್ಕೆಯಲ್ಲಿ ಒಬ್ಬರ ಸ್ನಾನ ಮುಗಿಯಬೇಕಿತ್ತು! ಆದರೆ ತೆರೆದ ಒಲೆಯ ಶಾಖದಲ್ಲಿ ಹತ್ತನೇ ಒಂದು ಪಾಲಷ್ಟೇ ನೀರಿಗೆ ಸೇರಿತೆಂದರೆ ಬೇಕಾಗುವುದು ಒಂದೂಕಾಲು ಕಿಲೋ. ನಾಲ್ವರಿರುವ ಮನೆಗೆ ದಿನಕ್ಕೆ ಐದು ಕಿಲೋ, ವರ್ಷಕ್ಕೆ 1800 ಕಿಲೋಗೂ ಹೆಚ್ಚು. ಉಳಿದ ಶಾಖ ಗೋಡೆಗೆ, ಗಾಳಿಗೆ. ಹೊಗೆ ಮಾತ್ರ ಒಲೆ ಊದುವವರ ಕಣ್ಣಿಗೆ, ಎದೆಗೆ.

ಈ ಸೀಮೆಯಲ್ಲಿ ಸೌದೆಗೆ ಇನ್ನೊಂದು ದೊಡ್ಡ ಗಿರಾಕಿಯಿದೆ: ವರ್ಜೀನಿಯಾ ತಂಬಾಕು ಹದಗೊಳಿಸುವ ಬ್ಯಾರನ್. ಅದರ ಹಸಿವಿನ ಮುಂದೆ ಹಂಡೆಯದು ಏನೂ ಅಲ್ಲ. ಆದರೆ ದಿನಗಟ್ಟಲೆ ಹಗಲಿರುಳು ಉರಿಯಬೇಕಾದ ಬ್ಯಾರನ್ ಬೆಂಕಿಗೆ ಬದಲಿ ಹುಡುಕುವುದು ಕಷ್ಟ. ಹಂಡೆಗೆ ಹಾಗಲ್ಲ, ಬದಲಿ ದಿನವೂ ಮಾಡಿನ ಮೇಲೇ ಸುರಿಯುತ್ತಿದೆ.

ಸೋಲಾರ್ ಹೀಟರಿನ ಕಪ್ಪು ತಗಡು ಬಿಸಿಲು ಹೀರುತ್ತದೆ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಮೈಸೂರಿನ ತಾರಸಿಗಳಲ್ಲಿ ಇದು ಹೊಸತೇನಲ್ಲ. ಹಳ್ಳಿಯ ಹೆಂಚಿನ ಮನೆಗೆ ಮಾತ್ರ ಎತ್ತರದ ನೀರಿನ ಟ್ಯಾಂಕೇ ಇರುವುದಿಲ್ಲ. ಹೀಟರಿನ ದುಡ್ಡನ್ನೂ ಒಮ್ಮೆಗೇ ಸುರಿಯಬೇಕು. ಸೌದೆಯನ್ನಾದರೆ ಬೇಲಿಯಿಂದಲೋ ತೋಟದಿಂದಲೋ ಆಯ್ದು ತರಬಹುದು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟಿನ ಕಾಯಿಲ್ ಸುಲಭವಾಗಿ ಕಾಣುತ್ತದೆ. ಬಕೆಟ್ಟಿಗೆ ಸುಮಾರು 0.6 ಯೂನಿಟ್. ಬಚ್ಚಲಲ್ಲಿ ಹೊಗೆಯಿಲ್ಲ, ನಿಜ. ಆದರೆ ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ.

ಸೋಲಾರ್ ಹಾಕಿಸಿದರೂ ಆಷಾಢದ ಮೋಡ ಕವಿದಾಗ ಹಂಡೆಯನ್ನೇ ನೆಚ್ಚಬೇಕು. ಆದ್ದರಿಂದ ಒಲೆಯನ್ನೂ ಸುಧಾರಿಸಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಅಡುಗೆಗೆ ರೂಪಿಸಿದ ಒಲೆಯ ಗುಟ್ಟು ಸರಳ: ಬೆಂಕಿಗೆ ಮುಚ್ಚಿದ ಗೂಡು, ಗಾಳಿಯಾಡಲು ಕೆಳಗೆ ಜಾಲರಿ, ಹೊಗೆಗೆ ಕೊಳವೆ. ಹಂಡೆಯ ಒಲೆಗೂ ಇದೇ ಸೂತ್ರ ಸಲ್ಲುತ್ತದೆ. ಹತ್ತರಲ್ಲಿ ಒಂದು ಪಾಲಿನ ಬದಲು ಎರಡು ಪಾಲು ಶಾಖ ನೀರಿಗೆ ಸೇರಿದರೂ ಸಾಕು, ದಿನದ ಐದು ಕಿಲೋ ಸೌದೆ ಎರಡೂವರೆಗೆ ಇಳಿಯುತ್ತದೆ.