ಎರಡು ಸೆಂಟಿಮೀಟರಿನ ಪ್ರಯಾಣಿಕರು

ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಆಮೇಲೆ ಮನೆಯ ಮೇಜಿನ ಮೇಲೆ ನಾನೂ ಒಂದು ಪುಟ್ಟ ನಿಲ್ದಾಣ ಕಟ್ಟಲು ಕೂತೆ. ಹಳಿ, ಎಂಜಿನ್ನು ದುಡ್ಡು ಕೊಟ್ಟರೆ ಸಿಗುತ್ತವೆ. ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುವ ನಮ್ಮ ಜನ ಸಿಗುವುದಿಲ್ಲ. ಮಾದರಿ ರೈಲುಗಳ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಪಾಲು. ಐದೂವರೆ ಅಡಿಯ ಆಳು 19 ಮಿಲಿಮೀಟರಿಗೆ ಇಳಿಯುತ್ತಾನೆ. ಜರ್ಮನಿಯ ಪ್ರೈಸರ್ ಕಂಪನಿ ಬಣ್ಣ ಹಚ್ಚದ ಗೊಂಬೆಗಳನ್ನೂ ಮಾರುತ್ತದೆ. ಕೋಟು ತೊಟ್ಟ ಆ ದೊರೆಗಳಿಗೆ ಅಂಟಿನಲ್ಲಿ ಅದ್ದಿದ ಟಿಶ್ಯೂ ಕಾಗದದಿಂದ ಧೋತರ ಉಡಿಸಿ, ರುಮಾಲು ಸುತ್ತಬೇಕು.

ಉಡಿಸುವ ಮೊದಲು ಗೊಂಬೆಯನ್ನು ಸೋಪಿನ ನೀರಲ್ಲಿ ತೊಳೆದು, ಉಡಿಸಿದ ಮೇಲೆ ಬೂದು ಪ್ರೈಮರ್ ಹಚ್ಚಿ. ಆಮೇಲೆ ತೆಳುಮಾಡಿದ ಅಕ್ರಿಲಿಕ್. ಅಚ್ಚ ಬಿಳಿ, ಅಚ್ಚ ಕಪ್ಪು ಬೇಡವೇ ಬೇಡ. ಧೋತರದ ಬಿಳಿಗೂ ತುಸು ಕಂದು ಬೆರೆಸಿ. ಕಂದು ಬಣ್ಣದ ನೀರು ಹರಿಸಿದರೆ ನಿರಿಗೆಯ ಸಂದಿಯಲ್ಲಿ ನೆರಳು ಕೂರುತ್ತದೆ. ಕಣ್ಣು ಬರೆಯಲು ಹೋಗಬೇಡಿ, ಗೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ.

ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳಿಗೆ ಮಿರುಗುವ ಬಣ್ಣ ಹಚ್ಚುತ್ತಾರೆ. ದೇವರಿಗೆ ಆ ಹೊಳಪು ಒಪ್ಪುತ್ತದೆ, ಪ್ರಯಾಣಿಕನಿಗಲ್ಲ. ಇವನಿಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ಷೇ ಬೇಕು.

ಇನ್ನು ಧೂಳು. ಎರೆಹೊಲದಿಂದ ಬಂದವನ ಪಾದಕ್ಕೆ ಕಪ್ಪುಗಂದು, ಮಸ್ಕಿ ಗುಡ್ಡದ ಕಡೆಯ ಮಸಾರಿ ನೆಲದವನಿಗೆ ಕೆಂಪು. ಹೆಂಗಸರಿಗಾದರೆ, ಇಳಕಲ್ ಸೀರೆಗೆ ಕೆಂಪು ಸೆರಗು. ಸಿಂಧನೂರಿನ ಪುನರ್ವಸತಿ ಕ್ಯಾಂಪಿನ ಬಂಗಾಳಿ ಹೆಂಗಸಿನ ಕೈಗೆ ಒಂದೇ ಬಿಳಿ ಗೆರೆ ಎಳೆದರೆ ಶಂಖದ ಬಳೆ ಆಯಿತು.

ಗದಗ–ವಾಡಿ ಮಾರ್ಗದ ಲಿಂಗಸುಗೂರು ನಿಲ್ದಾಣದ ಮಾದರಿಯನ್ನು ಯಾರಾದರೂ ಮಾಡುವುದಾದರೆ, ಮೊದಲಿಗೇ ದುಬಾರಿ ಗೊಂಬೆ ತರಿಸಬೇಡಿ. ಕಟ್ಟಡದ ಮಾದರಿಗಳಿಗೆ ಬಳಸುವ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಮೇಲೆ ಕೈ ಪಳಗಿಸಿಕೊಳ್ಳಿ.